ಮೊದಲು ಉಗ್ರಾಣದ ಲೆಕ್ಕ, ಆಮೇಲೆ ಅಂಗಡಿಯ ಚೀಟಿ

ಸರ್ಕಾರಿ ಕಚೇರಿಗಳಲ್ಲಿ ವರ್ಷಕ್ಕೊಮ್ಮೆ ದಾಸ್ತಾನಿನ ಭೌತಿಕ ಪರಿಶೀಲನೆ ನಡೆಯಬೇಕು. ವಹಿಯಲ್ಲಿರುವ ಸಾಮಗ್ರಿ ಕೊಠಡಿಯಲ್ಲೂ ಇದೆಯೇ ಎಂದು ಎಣಿಸದೆ ಹೊಸ ಖರೀದಿಗೆ ಮಂಜೂರಾತಿ ನೀಡುವುದು ಆಡಳಿತದ ವಿವೇಕವಲ್ಲ. ಮೂರು ದಶಕ ಇಂತಹ ಕಡತಗಳಿಗೆ ಸಹಿ ಹಾಕಿದ ನಾನು ನನ್ನ ಮನೆಯ ಉಗ್ರಾಣವನ್ನು ಎಣಿಸಿದ್ದು ನಿವೃತ್ತಿಯ ನಂತರವೇ. ಬಾಯಿ ತೆರೆದ ಮೂರು ಪೊಟ್ಟಣ ಅವಲಕ್ಕಿ, ಹುಳು ಹಿಡಿದ ಎರಡು ಕಿಲೋ ಕಡಲೆಬೇಳೆ, ಅವಧಿ ಮೀರಿದ ಸಾರಿನ ಪುಡಿ ಹೊರಬಂದವು. ಅಂದೇ ನಾನು ತಂದ ಚೀಲದಲ್ಲಿ ನಾಲ್ಕನೆಯ ಪೊಟ್ಟಣ ಅವಲಕ್ಕಿಯಿತ್ತು! ‘ತರುವವರು ಒಬ್ಬರು, ಎಣಿಸುವವರು ಯಾರು?’ ಎಂಬ ಪತ್ನಿಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಇದು ಕ್ಷುಲ್ಲಕ ವಿಷಯವೆನಿಸಬಹುದು. ಆದರೆ 2023–24ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯಂತೆ ನಗರ ಭಾರತದ ತಲಾ ಮಾಸಿಕ ವೆಚ್ಚ ರೂ. 6,996, ಅದರಲ್ಲಿ ಆಹಾರದ ಪಾಲು ಸುಮಾರು ಶೇ 40. ನಾಲ್ವರ ಸಂಸಾರಕ್ಕೆ ಇದು ತಿಂಗಳಿಗೆ ಹೆಚ್ಚುಕಡಿಮೆ 11 ಸಾವಿರ ರೂಪಾಯಿ. ಹತ್ತನೆಯ ಒಂದು ಭಾಗ ಉಳಿಸಿದರೂ ವರ್ಷಕ್ಕೆ 13 ಸಾವಿರ ರೂಪಾಯಿ ಕೈಯಲ್ಲಿರುತ್ತದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯು ಭಾರತದ ಮನೆಗಳಲ್ಲಿ ತಲಾ 55 ಕಿಲೋ ಆಹಾರ ವರ್ಷವೊಂದಕ್ಕೆ ಕಸ ಸೇರುತ್ತದೆಂದು ಅಂದಾಜಿಸಿದೆ. ಸಿಪ್ಪೆ, ಬೀಜಗಳೂ ಇದರಲ್ಲಿ ಸೇರಿವೆ ನಿಜ; ಆದರೂ ಸಮಾಧಾನಪಡುವ ಸಂಖ್ಯೆಯಲ್ಲ.

ರಿಯಾಯಿತಿಯ ಮೋಹವನ್ನೂ ಪರಿಶೀಲಿಸೋಣ. ಶೇ 10 ರಿಯಾಯಿತಿಗೆ ಮರುಳಾಗಿ ಐದು ಕಿಲೋ ಬೇಳೆ ಕೊಂಡು ಒಂದು ಕಿಲೋ ಹುಳುವಿನ ಪಾಲಾದರೆ, ನಾಲ್ಕೂವರೆ ಕಿಲೋದ ಹಣ ತೆತ್ತು ನಾಲ್ಕು ಕಿಲೋ ಉಂಡಂತಾಯಿತು. ಅಂದರೆ ಅಗ್ಗವೆಂದು ತಂದದ್ದು ಶೇ 12.5ರಷ್ಟು ತುಟ್ಟಿಯಾಯಿತು.

ಪರಿಹಾರ ನಮ್ಮ ಹಿರಿಯರಿಗೆ ತಿಳಿದಿದ್ದದ್ದೇ. ಮೊದಲು ಇರುವುದರ ಪಟ್ಟಿ. ನಂತರ ವಾರದ ಅಡುಗೆ. ಕೊನೆಗೆ, ಕೊರತೆ ಬಿದ್ದದ್ದಕ್ಕೆ ಮಾತ್ರ ಅಂಗಡಿಯ ಚೀಟಿ. ಬೇಗ ಬಾಡುವ ಸೊಪ್ಪು ಮೊದಲೆರಡು ದಿನಕ್ಕೆ, ಹುರುಳಿಕಾಯಿ, ಬದನೆ ನಡುವಾರಕ್ಕೆ, ಬಾಳಿಕೆ ಬರುವ ಕುಂಬಳ, ಸುವರ್ಣಗೆಡ್ಡೆ ವಾರಾಂತ್ಯಕ್ಕೆ. ಇಡ್ಲಿಯ ಹಿಟ್ಟು ಮರುದಿನ ದೋಸೆ, ಅದರ ಮರುದಿನ ಪಡ್ಡು. ತಿಂಗಳಿಗೊಮ್ಮೆ ನಾಲ್ಕಾರು ದಿನ ಹೊಸತೇನನ್ನೂ ತಾರದೆ ಡಬ್ಬಿಗಳ ತಳ ಕಾಣುವಂತೆ ಅಡುಗೆ ಮಾಡುವುದು ಒಳ್ಳೆಯ ಶಿಸ್ತು. ಇಂತಹ ಯೋಜನೆ ಬೆಲೆಯೇರಿಕೆಯ ಹೊಡೆತವನ್ನೂ ತಗ್ಗಿಸುತ್ತದೆ. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದಾಗ, ಹುಣಸೆಹಣ್ಣಿನ ಸಾರಿಗೆ ಮರಳಿದ ಮನೆಗಳು ಹೆಚ್ಚು ಕಂಗೆಡಲಿಲ್ಲ.

ಆದರೆ ಒಂದು ಎಚ್ಚರಿಕೆ ಅಗತ್ಯ. 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ವೇತನವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಅದಕ್ಕೆ ದಿನಕ್ಕೆ 289 ನಿಮಿಷ ವ್ಯಯಿಸಿದರೆ, ಪುರುಷರು 88 ನಿಮಿಷ. ಮಿತವ್ಯಯದ ಹೆಸರಿನಲ್ಲಿ ಎಣಿಕೆ, ಯೋಜನೆ, ನೆನಪಿಡುವ ಹೊರೆಯನ್ನೂ ಗೃಹಿಣಿಯ ಹೆಗಲಿಗೇರಿಸಿದರೆ ಅದು ಉಳಿತಾಯವಲ್ಲ, ವೆಚ್ಚದ ವರ್ಗಾವಣೆಯಷ್ಟೆ. ಆದ್ದರಿಂದ ನಮ್ಮ ಮನೆಯಲ್ಲೀಗ ಭಾನುವಾರದ ದಾಸ್ತಾನು ಪರಿಶೀಲನೆ ನನ್ನ ಜವಾಬ್ದಾರಿ. ವರದಿಗೆ ಪತ್ನಿಯ ಅನುಮೋದನೆ ದೊರೆತ ನಂತರವೇ ನಾನು ಚೀಲ ಹಿಡಿದು ಹೊರಡುತ್ತೇನೆ.