ಗಿಡ ತರೋರು ಒಬ್ರು, ನೀರು ಹೊರೋರು ಇನ್ನೊಬ್ರು

ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ನಿಮ್ಮನೇಲಿ ಹೂವಿನ ಗಿಡ ತರೋರು ಯಾರು? ಬೇಸಗೇಲಿ ಅದಕ್ಕೆ ನೀರು ಹೊರೋರು ಯಾರು?

ನಮ್ಮನೇಲಿ ತಂದಿದ್ದು ಮಗ. ಹೋದ ಜನವರೀಲಿ ಬೆಂಗಳೂರಿಂದ ಬರ್ತಾ ಹನ್ನೆರಡು ಕುಂಡ ಇಳಿಸ್ದ. ಪೆಟೂನಿಯ, ಡಯಾಂಥಸ್, ಸಾಲ್ವಿಯ. "ಅವ್ವ, ಬಣ್ಣ ನೋಡು ಹೆಂಗೈತೆ" ಅಂದ. ಚೆಂದಾಗೇ ಇತ್ತು, ಇಲ್ಲ ಅನ್ನಲ್ಲ. ಶಿವರಾತ್ರಿ ಕಳೀತು, ಬಸರಾಳಿನ ಬಿಸ್ಲು ಏರ್ತು. ಹೊತ್ತಾರೆ ಎರಡು ಬಿಂದಿಗೆ, ಸಂಜೆ ಎರಡು ಬಿಂದಿಗೆ ಸುರಿದೆ. ಯುಗಾದಿ ಆಗಿ ತಿಂಗಳಾಗೋ ಹೊತ್ಗೆ ಒಂದೂ ಉಳೀಲಿಲ್ಲ. ಮಗ ಫೋನಲ್ಲಿ ಕೇಳ್ತಾನೆ, "ನೀರು ಹಾಕ್ಲಿಲ್ವಾ ಅವ್ವ?" ನನ್ನ ಸೊಂಟಾನ ಕೇಳಿದ್ರೆ ಹೇಳ್ತಿತ್ತು.

ತಪ್ಪು ನಂದೂ ಅಲ್ಲ, ಗಿಡದ್ದೂ ಅಲ್ಲ. ಅವು ತಂಪುಗಾಲದ ಗಿಡ. ಜನವರಿ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದಲ್ಲಿ ಕಣ್ಣು ತುಂಬೋ ಹೂವೆಲ್ಲ ಏಪ್ರಿಲ್ ಬಿಸ್ಲಿಗೆ ನಿಲ್ಲಲ್ಲ. ನಾವು ಅದನ್ನ ನೋಡಿ ಗಿಡ ಆರಿಸ್ತೀವಲ್ಲ, ಅಲ್ಲೇ ಎಡವಿದ್ದು.

"ಬಣ್ಣ ಬೇಕಂದ್ರೆ ನೀರು ಸುರೀಲೇಬೇಕು" ಅಂತರೆ. ನಾನು ಒಪ್ಪಲ್ಲ. ಕಾಗದದ ಹೂ ನೋಡಿ. ನೀರು ಜಾಸ್ತಿ ಆದ್ರೆ ಬರೀ ಎಲೆ ಬಿಡ್ತದೆ, ಒಸಿ ಒಣಗಿಸಿ ಕೊಟ್ರೆ ಮೈತುಂಬ ಬಣ್ಣ. ಟೇಬಲ್ ರೋಸು ದಪ್ಪ ಎಲೇಲಿ ನೀರು ಕೂಡಿಟ್ಕೊಂಡು, ಬಿಸ್ಲು ಬಂದ್ಮೇಲೇ ಕಣ್ಣು ಬಿಡ್ತದೆ. ನಿತ್ಯಪುಷ್ಪ ಕಲ್ಲುಸಂದೀಲೂ ಅರಳ್ತದೆ. ಕಣಗಿಲೆ ರಸ್ತೆ ನಡುವಿನ ಡಿವೈಡರಲ್ಲೂ ನಗ್ತಾ ನಿಂತಿರ್ತದೆ. ದುಂಡುಮಲ್ಲಿಗೆಗೆ ಸುಗ್ಗಿಯೇ ಬೇಸಗೆ. ಅದಕ್ಕೆ ಒಸಿ ನೀರು ಬೇಕು, ಅಕ್ಕಿ ತೊಳೆದ ನೀರು ಹಾಕಿ, ಬುಡಕ್ಕೆ ಕಬ್ಬಿನ ತರಗು ಮುಚ್ಚಿ.

"ಅವೆಲ್ಲ ಬೀದಿ ಹೂ ಕಣಕ್ಕ, ಮನೆ ಮುಂದೆ ಲಕ್ಷಣ ಅಲ್ಲ" ಅಂತರೆ ಕೆಲವ್ರು. ನಿತ್ಯಪುಷ್ಪದಿಂದ ರಕ್ತದ ಕ್ಯಾನ್ಸರಿಗೆ ಔಷಧಿ ತೆಗೀತರೆ. ನಮ್ಮೂರ ಮಲ್ಲಿಕಾರ್ಜುನಸ್ವಾಮಿ ಗುಡಿ ಕಟ್ಟಿದ್ದು 1234ರಲ್ಲಿ, ಹೊಯ್ಸಳರ ಕಾಲ. ಕಣಗಿಲೆ ಶಿವನಿಗೇ ಆಯ್ತದೆ, ನಮ್ಮ ಜಗಲಿಗೆ ಆಗಲ್ವಾ? ಒಂದು ಎಚ್ಚರ: ಕಣಗಿಲೆ ಗಿಡ ಪೂರ್ತಿ ವಿಷ. ಮಕ್ಕಳು, ಆಡು, ದನದ ಬಾಯಿಗೆ ಸಿಗದಂಗೆ ಹಾಕಿ.

ನಮ್ಮ ನಾಡಿನ ಗಿಡ ಅಂತ ನಾನು ಜಂಬ ಕೊಚ್ತಿಲ್ಲ. ಕಾಗದದ ಹೂ ದಕ್ಷಿಣ ಅಮೆರಿಕದ್ದು, ನಿತ್ಯಪುಷ್ಪ ಮಡಗಾಸ್ಕರದ್ದು. ಎಲ್ಲಿಂದ ಬಂತು ಅನ್ನೋದಲ್ಲ, ನಮ್ಮ ಬಿಸ್ಲಿಗೆ ನಿಲ್ತದಾ ಅನ್ನೋದು ಮುಖ್ಯ.

2024ರ ಮಾರ್ಚಲ್ಲಿ ಬೆಂಗಳೂರಲ್ಲಿ ಕುಡಿಯೋ ನೀರನ್ನ ಕೈತೋಟಕ್ಕೆ ಹಾಕಿದ್ರೆ 5,000 ರೂಪಾಯಿ ದಂಡ ಅಂದ್ರು. ಹಳ್ಳೀಲಿ ಅಂಥ ದಂಡ ಇಲ್ಲ. ಇಲ್ಲಿ ಹೆಂಗಸಿನ ಸೊಂಟವೇ ದಂಡ ಕಟ್ತದೆ.

ಅದಕ್ಕೇ ಹೇಳೋದು, ಗಿಡಾನ ಜನವರೀಲಿ ಆರಿಸ್ಬೇಡಿ, ಏಪ್ರಿಲಲ್ಲಿ ಆರಿಸಿ. ಮಟಮಟ ಮಧ್ಯಾಹ್ನ ಬೀದೀಲಿ ಒಂದು ಸುತ್ತು ಹಾಕಿ. ಯಾರ ಮನೆ ಮುಂದೆ ಯಾವ ಹೂ ಬಾಡದೆ ನಿಂತದೆ ನೋಡಿ ಇಟ್ಕೊಳಿ. ಮಳೆ ಬಿದ್ಮೇಲೆ ಅವರತ್ರ ಒಂದು ಕಡ್ಡಿ ಕೇಳಿ ನೆಡಿ. ಕಾಸೂ ಖರ್ಚಿಲ್ಲ.

ಮಗನಿಗೂ ಹೇಳಿವ್ನಿ: "ಇನ್ನೊಂದ್ಸಲ ಪೆಟೂನಿಯ ತಂದ್ರೆ, ಏಪ್ರಿಲಲ್ಲಿ ರಜ ಹಾಕಿ ನೀನೇ ಬಂದು ನೀರು ಹೊರಪ್ಪ."