ಮೊಳಕೆಯೂ ಬೆಳೆಯೂ

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಡಿಸೆಂಬರ್ ತಿಂಗಳು ಬಂದಿತೆಂದರೆ ಕಾಲೇಜು ಫುಟ್‌ಬಾಲಿನ ಅಭಿಮಾನಿಗಳಿಗೆ ಒಂದು ಬಗೆಯ ಹಬ್ಬ. ಪ್ರೌಢಶಾಲೆಯ ಕೊನೆಯ ವರ್ಷದಲ್ಲಿರುವ ಹದಿನೇಳು ಹದಿನೆಂಟರ ಹುಡುಗರು ತಾವು ಮುಂದೆ ಯಾವ ಕಾಲೇಜಿನ ಪರವಾಗಿ ಆಡುವೆವೆಂಬುದನ್ನು ಆ ತಿಂಗಳಲ್ಲಿ ರುಜು ಹಾಕಿ ಪ್ರಕಟಿಸುತ್ತಾರೆ. ಅವರು ಕಾಲೇಜಿನ ಹೊಸ್ತಿಲನ್ನು ದಾಟುವ ಮೊದಲೇ ಅವರಿಗೆ ಎರಡು, ಮೂರು, ಐದು ಎಂದು ನಕ್ಷತ್ರಗಳನ್ನು ಹಂಚಿ, ಆ ನಕ್ಷತ್ರಗಳ ಮೊತ್ತದಿಂದ ಕಾಲೇಜುಗಳಿಗೆ ದರ್ಜೆಗಳನ್ನು ಕಟ್ಟಿ, ಮುಂದಿನ ವರ್ಷದ ವಿಜಯವು ಯಾರದೆಂದು ಸಾರುವ ಪಂಡಿತರಿಗೂ ಅಲ್ಲಿ ಕೊರತೆಯಿಲ್ಲ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರೆಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆಯು ದೊರೆಯಲಾರದು. ಈ ಹೊಸ ಭರ್ತಿಯು ಒಂದು ತಂಡದ ಭಾಗ್ಯವನ್ನು ನಿಜವಾಗಿ ಎಷ್ಟರ ಮಟ್ಟಿಗೆ ಬದಲಿಸಬಲ್ಲುದು? ಬದಲಿಸದೆ ಹೋದರೆ ಅದರ ಹೊಣೆಯು ಯಾರದು? ಈ ಎರಡು ಪ್ರಶ್ನೆಗಳನ್ನು ಕುರಿತು ಇಂದು ನಾಲ್ಕು ಮಾತು ಹೇಳಬಯಸುತ್ತೇವೆ.

ಈ ಆಟದ ಪರಿಚಯವು ನಮ್ಮ ವಾಚಕರೆಲ್ಲರಿಗೂ ಇರಲಾರದು. ನಮ್ಮಲ್ಲಿ ಫುಟ್‌ಬಾಲ್ ಎಂದರೆ ಕಾಲಿನಿಂದ ಒದೆಯುವ ದುಂಡು ಚೆಂಡಿನ ಆಟ. ಅಲ್ಲಿನದು ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಯನ್ನು ಮೈಯೊಡ್ಡಿ ಕೆಡವುವ ಆಟ. ಅಲ್ಲಿನ ಕಾಲೇಜುಗಳೊಳಗೆ ಮೊದಲ ಪಂದ್ಯವು 1869ರ ನವೆಂಬರ್ 6ರಂದು ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಸಂಸ್ಥೆಗಳ ನಡುವೆ ನಡೆಯಿತೆಂದು ಲೆಕ್ಕ. ಅಂದು ವಿದ್ಯಾರ್ಥಿಗಳ ವಿನೋದವಾಗಿದ್ದುದು ಇಂದು ಮಹಾ ಉದ್ಯಮವಾಗಿದೆ. ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾನಿಲಯದ ಕ್ರೀಡಾಂಗಣವೊಂದರಲ್ಲಿಯೇ ಒಂದು ಲಕ್ಷಕ್ಕಿಂತ ಹೆಚ್ಚು ಜನರು ಕುಳಿತು ನೋಡಬಹುದು. ಒಬ್ಬ ವಿದ್ಯಾರ್ಥಿಗೆ ಸಾಮಾನ್ಯವಾಗಿ ನಾಲ್ಕು ಋತುಗಳ ಆಟಕ್ಕೆ ಮಾತ್ರ ಅವಕಾಶವಿರುವುದರಿಂದ ಪ್ರತಿವರ್ಷವೂ ಪಳಗಿದವರು ಹೊರಬೀಳುತ್ತಾರೆ, ಹೊಸಬರು ಒಳಬರುತ್ತಾರೆ. ಹೀಗಿರಲು ಹೊಸ ಭರ್ತಿಯ ಮೇಲೆ ಎಲ್ಲರ ಕಣ್ಣು ಬೀಳುವುದು ಸಹಜವೇ.

ಹೊಸಬರಿಂದ ಏನೂ ಆಗದೆಂದು ನಾವು ಹೇಳುವುದಿಲ್ಲ. ಇತಿಹಾಸವು ಹಾಗೆ ಹೇಳಗೊಡುವುದೂ ಇಲ್ಲ. 1979ರಲ್ಲಿ ಜಾರ್ಜಿಯ ವಿಶ್ವವಿದ್ಯಾನಿಲಯದ ತಂಡವು ಆರು ಪಂದ್ಯಗಳನ್ನು ಗೆದ್ದು ಐದನ್ನು ಸೋತಿತ್ತು. ಮರುವರ್ಷ ಹರ್ಷಲ್ ವಾಕರ್ ಎಂಬ ತರುಣನು ಪ್ರಥಮ ವರ್ಷದ ವಿದ್ಯಾರ್ಥಿಯಾಗಿ ಬಂದು ಸೇರಿದನು. ಚೆಂಡನ್ನು ಹಿಡಿದು ಆತನು ಆ ಋತುವಿನಲ್ಲಿ 1,616 ಗಜಗಳಷ್ಟು ಓಡಿದನು. ತಂಡವು ಆಡಿದ ಹನ್ನೆರಡು ಪಂದ್ಯಗಳನ್ನೂ ಗೆದ್ದು ರಾಷ್ಟ್ರದ ಅಗ್ರಸ್ಥಾನಕ್ಕೇರಿತು. 2018ರ ಜನವರಿ 8ರಂದು ಅದೇ ಜಾರ್ಜಿಯದ ಎದುರು ಅಲಬಾಮ ತಂಡವು ಅರ್ಧ ಆಟ ಮುಗಿಯುವ ಹೊತ್ತಿಗೆ ಒಂದು ಅಂಕವನ್ನೂ ಗಳಿಸದೆ ಹದಿಮೂರು ಅಂಕಗಳಿಂದ ಹಿಂದೆ ಬಿದ್ದಿತ್ತು. ಆಗ ಕಣಕ್ಕಿಳಿಸಲ್ಪಟ್ಟ ಟುವಾ ಟಾಗೊವೈಲೊವಾ ಪ್ರಥಮ ವರ್ಷದವನು. ಕೊನೆಗೆ ಆತನು ಎಸೆದ 41 ಗಜಗಳ ಚೆಂಡನ್ನು ಹಿಡಿದು ತಂಡವನ್ನು 26ಕ್ಕೆ 23ರಂತೆ ಗೆಲ್ಲಿಸಿದ ಡೆವಾಂಟ ಸ್ಮಿತ್ ಕೂಡ ಪ್ರಥಮ ವರ್ಷದವನೇ. ಬೆಳೆಯುವ ಸಿರಿ ಮೊಳಕೆಯಲ್ಲಿ ಎಂದು ಹಿರಿಯರು ಹೇಳಿದುದು ಸುಳ್ಳಲ್ಲ.

ಆದರೆ ಮೊಳಕೆಯೇ ಬೆಳೆಯೆಂದು ಅವರು ಎಂದೂ ಹೇಳಲಿಲ್ಲ. ಈ ಭೇದವನ್ನು ತಿಳಿಯಲು ಎರಡು ಕಾಲೇಜುಗಳ ಕಥೆಯನ್ನು ಒಟ್ಟಿಗೆ ಇಟ್ಟು ನೋಡಬೇಕು.

ಮೊದಲನೆಯದು ಅಲಬಾಮದ ಕಥೆ. 2007ರಲ್ಲಿ ಆ ತಂಡವು ಏಳು ಪಂದ್ಯಗಳನ್ನು ಗೆದ್ದು ಆರನ್ನು ಸೋತು ತಲೆ ತಗ್ಗಿಸಿತ್ತು. 2008ರಲ್ಲಿ ತರಬೇತುಗಾರರಾದ ನಿಕ್ ಸೇಬನ್ ಅವರು ತಂದ ಹೊಸ ಭರ್ತಿಯಲ್ಲಿ ಜೂಲಿಯೊ ಜೋನ್ಸ್, ಮಾರ್ಕ್ ಇಂಗ್ರಾಮ್ ಮೊದಲಾದವರಿದ್ದರು. ಜೋನ್ಸನು ಮೊದಲ ಪಂದ್ಯದಿಂದಲೇ ಕಣದಲ್ಲಿದ್ದನು. ಇಂಗ್ರಾಮನಾದರೋ ಆ ವರ್ಷ ಗ್ಲೆನ್ ಕಾಫಿ ಎಂಬ ಹಿರಿಯ ಆಟಗಾರನ ಹಿಂದೆ ಎರಡನೆಯವನಾಗಿ ನಿಂತು, ತನ್ನ ಸರದಿ ಬಂದಾಗ ಓಡಿ, ಉಳಿದ ಹೊತ್ತು ನೋಡಿ ಕಲಿತನು. ತಂಡವು ಆ ವರ್ಷ ಹನ್ನೆರಡು ಪಂದ್ಯಗಳನ್ನು ಸತತವಾಗಿ ಗೆದ್ದು, ಕಡೆಯ ಎರಡನ್ನು ಸೋತಿತು. ಮರುವರ್ಷ ಹದಿನಾಲ್ಕಕ್ಕೆ ಹದಿನಾಲ್ಕನ್ನೂ ಗೆದ್ದು ರಾಷ್ಟ್ರದ ವಿಜೇತ ತಂಡವಾಯಿತು. ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಪಾರಿತೋಷಕವು 2009ರಲ್ಲಿ ಇಂಗ್ರಾಮನಿಗೆ ಬಂದಿತು. ಆ ಕಾಲೇಜಿಗೆ ಅದು ಮೊಟ್ಟಮೊದಲನೆಯದು. ಹಿರಿಯರ ನೆರಳಿನಲ್ಲಿ ಒಂದು ವರ್ಷ ಕಾದುದರ ಫಲವದು.

ಎರಡನೆಯದು ಟೆಕ್ಸಾಸ್ ಎ ಅಂಡ್ ಎಂ ಕಥೆ. 2022ರಲ್ಲಿ ಅಲ್ಲಿಗೆ ಬಂದ ಭರ್ತಿಯು, ನಕ್ಷತ್ರಗಳನ್ನು ಎಣಿಸುವ ಪದ್ಧತಿ ಬಂದಂದಿನಿಂದ ಅಂದಿನವರೆಗೆ ಯಾವ ಕಾಲೇಜಿಗೂ ದೊರೆಯದಷ್ಟು ಉನ್ನತವಾದುದೆಂದು ಗಣಕರು ಸಾರಿದರು. ಋತುವಿನ ಆರಂಭದಲ್ಲಿ ತಂಡಕ್ಕೆ ದೇಶದಲ್ಲಿ ಆರನೆಯ ಸ್ಥಾನವೂ ದೊರೆಯಿತು. ಆದುದೇನು? ಎರಡನೆಯ ಪಂದ್ಯದಲ್ಲಿಯೇ ಅಪಲಾಚಿಯನ್ ಸ್ಟೇಟ್ ಎಂಬ ಸಣ್ಣ ತಂಡವು ಅವರನ್ನು ಅವರದೇ ಅಂಗಳದಲ್ಲಿ 17ಕ್ಕೆ 14ರಂತೆ ಸೋಲಿಸಿತು. ವರ್ಷಾಂತ್ಯಕ್ಕೆ ಲೆಕ್ಕ ಹಾಕಿದಾಗ ಗೆಲವು ಐದು, ಸೋಲು ಏಳು. 2023ರ ನವೆಂಬರಿನಲ್ಲಿ ತರಬೇತುಗಾರರಾದ ಜಿಂಬೊ ಫಿಷರ್ ಅವರನ್ನು ಬಿಡುಗಡೆ ಮಾಡಲಾಯಿತು. ಭರ್ತಿಯಾಗಿದ್ದ ಹುಡುಗರಲ್ಲಿ ಅನೇಕರು ಒಬ್ಬರ ಹಿಂದೊಬ್ಬರಂತೆ ಬೇರೆ ಕಾಲೇಜುಗಳ ದಾರಿ ಹಿಡಿದರು.

ಹಾಗಾದರೆ ಆ ಹುಡುಗರು ಅಯೋಗ್ಯರಾಗಿದ್ದರೇ? ಇಲ್ಲವೆಂಬುದಕ್ಕೆ ಪ್ರಮಾಣವಿದೆ. 2025ರಲ್ಲಿ ವೃತ್ತಿಪರ ತಂಡಗಳು ದೇಶದ ಕಾಲೇಜುಗಳಿಂದ ಆಟಗಾರರನ್ನು ಆರಿಸಿಕೊಂಡಾಗ ಹದಿನಾರನೆಯವನಾಗಿ ವಾಲ್ಟರ್ ನೋಲನ್, ಹದಿನೇಳನೆಯವನಾಗಿ ಶೆಮಾರ್ ಸ್ಟೂವರ್ಟ್ ಆರಿಸಲ್ಪಟ್ಟರು. ಇಬ್ಬರೂ 2022ರ ಆ ಭರ್ತಿಗೇ ಸೇರಿದವರು. ಒಬ್ಬನು ಮಿಸಿಸಿಪಿಗೆ ವಲಸೆ ಹೋದವನು, ಇನ್ನೊಬ್ಬನು ಅಲ್ಲಿಯೇ ಉಳಿದವನು. ಬೀಜವು ಉತ್ತಮವಾಗಿಯೇ ಇತ್ತೆಂದು ಇದರಿಂದ ಸ್ಪಷ್ಟವಾಗುತ್ತದೆ. ಮೂರನೆಯ ವರ್ಷಕ್ಕೆ ಬರತಕ್ಕ ಫಲವನ್ನು ಮೂರನೆಯ ತಿಂಗಳಿಗೆ ಬೇಡಿದ್ದೇ ತಪ್ಪಾಯಿತು.

ಈ ಆಟದ ಸ್ವರೂಪವನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ವೇಗವಾಗಿ ಓಡುವವನು, ಚೆಂಡನ್ನು ಹಿಡಿಯುವವನು ಹದಿನೆಂಟರಲ್ಲಿಯೇ ಮೆರೆಯಬಹುದು. ಮುಂದಿನ ಸಾಲಿನಲ್ಲಿ ನಿಂತು ಎದುರಾಳಿಯ ಭಾರವನ್ನು ಎದೆಯ ಮೇಲೆ ತಾಳುವವನಿಗೆ ಇಪ್ಪತ್ತೆರಡರ ಮೈಕಟ್ಟು ಬೇಕು. ಕ್ವಾರ್ಟರ್‌ಬ್ಯಾಕ್ ಎಂಬ ಸೂತ್ರಧಾರನಿಗೆ ಎದುರಾಳಿಯ ವ್ಯೂಹವನ್ನು ಕ್ಷಣದಲ್ಲಿ ಓದುವ ಅಭ್ಯಾಸ ಬೇಕು. ಇವೆರಡೂ ನಕ್ಷತ್ರಗಳಿಂದ ಬರತಕ್ಕವಲ್ಲ. ಕಾಲದಿಂದಲೂ ಹಿರಿಯರ ಸಹವಾಸದಿಂದಲೂ ಬರತಕ್ಕವು. ತಂಡವೆಂದರೆ ನಾಲ್ಕು ವರ್ಷಗಳ ಭರ್ತಿಗಳು ಒಂದರ ಮೇಲೊಂದು ಕುಳಿತ ಗೋಡೆ. ಮೇಲಿನ ಒಂದು ವರಸೆಯ ಕಲ್ಲನ್ನು ಎಷ್ಟೇ ಚೆನ್ನಾಗಿ ಕಡೆದಿದ್ದರೂ ಕೆಳಗಿನ ವರಸೆಯು ಸಡಿಲವಾಗಿದ್ದರೆ ಗೋಡೆಯು ನಿಲ್ಲದು.

ಹಿಂದಿನವರು ಇದನ್ನು ಅರಿತಿದ್ದರೆಂದು ತೋರುತ್ತದೆ. 1972ರವರೆಗೆ ಅಲ್ಲಿನ ಪ್ರಮುಖ ಕಾಲೇಜುಗಳ ಮುಖ್ಯ ತಂಡದಲ್ಲಿ ಪ್ರಥಮ ವರ್ಷದವರಿಗೆ ಆಡಲು ಸಾಮಾನ್ಯವಾಗಿ ಅವಕಾಶವಿರಲಿಲ್ಲ. ಅವರಿಗೆ ಬೇರೊಂದು ತಂಡವಿತ್ತು. ಊರು, ಪಾಠ, ಸಹಪಾಠಿಗಳು ಪರಿಚಯವಾಗಲೆಂಬುದು ಅದರ ಉದ್ದೇಶಗಳಲ್ಲೊಂದು. 1972ರಲ್ಲಿ ಆ ಕಟ್ಟಳೆಯು ಹೋಯಿತು. ಮರುವರ್ಷವೇ ನಾಲ್ಕು ವರ್ಷಗಳ ವಿದ್ಯಾರ್ಥಿವೇತನದ ಭರವಸೆಯೂ ಹೋಗಿ, ವರ್ಷವರ್ಷವೂ ನವೀಕರಿಸುವ ಪದ್ಧತಿಯು ಬಂದಿತು. ಬೇಗ ಆಡು, ಆಡದಿದ್ದರೆ ಜಾಗ ಬಿಡು ಎಂಬ ಧೋರಣೆಗೆ ಹೀಗೆ ಬಾಗಿಲು ತೆರೆಯಿತು. ಹಲವು ವರ್ಷಗಳ ವೇತನವನ್ನು ಕೊಡಲು ಮತ್ತೆ ಅನುಮತಿ ದೊರೆಯಬೇಕಾದರೆ 2012 ಬರಬೇಕಾಯಿತು.

ಹುಡುಗರನ್ನು ಸೆಳೆಯುವ ಪೈಪೋಟಿಯು ಹೊಸ ವ್ಯಾಧಿಯೇನಲ್ಲ. 1929ರಲ್ಲಿಯೇ ಕಾರ್ನೆಗಿ ಪ್ರತಿಷ್ಠಾನದ ವರದಿಯೊಂದು ಅದನ್ನು ಕಟುವಾಗಿ ಖಂಡಿಸಿತ್ತು. ಆಟಗಾರರಿಗೆ ಗುಟ್ಟಾಗಿ ಹಣ ಕೊಟ್ಟುದಕ್ಕಾಗಿ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾನಿಲಯದ 1987ರ ಋತುವನ್ನೇ ರದ್ದು ಮಾಡಲಾಯಿತು. ಈಗ ಕಾಲವು ಬದಲಾಗಿದೆ. 2021ರ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಚಿತ್ರಗಳಿಂದ ಬರುವ ಹಣವನ್ನು ಬಹಿರಂಗವಾಗಿ ಪಡೆಯಬಹುದಾಗಿದೆ. ಒಂದು ವರ್ಷ ಆಡದೆ ಕೂರಬೇಕೆಂಬ ನಿರ್ಬಂಧವಿಲ್ಲದೆ ಕಾಲೇಜನ್ನು ಬದಲಿಸುವ ಸ್ವಾತಂತ್ರ್ಯವೂ ಅದೇ ವರ್ಷ ಒಂದು ಬಾರಿಗೆ ದೊರೆತು, 2024ರಲ್ಲಿ ಮತ್ತಷ್ಟು ಸಡಿಲವಾಯಿತು. 2025ರ ಜುಲೈಯಿಂದ ಕಾಲೇಜುಗಳೇ ಎಲ್ಲ ಆಟಗಳ ವಿದ್ಯಾರ್ಥಿಗಳಿಗೂ ಸೇರಿ ವರ್ಷಕ್ಕೆ ಸುಮಾರು 2.05 ಕೋಟಿ ಡಾಲರುಗಳವರೆಗೆ ನೇರವಾಗಿ ಹಂಚಬಹುದಾಗಿದೆ.

ಈ ಹಣವೇ ಹುಡುಗರನ್ನು ಕೆಡಿಸಿತೆಂದು ಕೆಲವರು ಗೊಣಗುತ್ತಿದ್ದಾರೆ. ಅವರ ಮಾತನ್ನು ನಾವು ಒಪ್ಪಲಾರೆವು. ಬೆವರು ಸುರಿಸಿದವನಿಗೆ ಕೂಲಿ ಸಲ್ಲುವುದು ನ್ಯಾಯ. ಫಿಷರ್ ಅವರನ್ನು ಅವಧಿಗೆ ಮುನ್ನ ಬಿಡಿಸಿದುದಕ್ಕಾಗಿ ಅವರಿಗೆ ಸಲ್ಲಬೇಕಾದ ಪರಿಹಾರವು 7.5 ಕೋಟಿ ಡಾಲರುಗಳಿಗೂ ಮಿಕ್ಕಿತ್ತು. ಒಪ್ಪಂದದಂತೆ ಅದನ್ನು ಪಡೆದವರನ್ನು ನಾವು ದೂಷಿಸುವುದಿಲ್ಲ. ಆದರೆ ಸೋತ ತಂಡದ ಹಿರಿಯರಿಗೆ ಇಂತಹ ರಕ್ಷಣೆಯಿರುವಾಗ, ಮಂಡಿ ಮುರಿದುಕೊಂಡ ಹತ್ತೊಂಬತ್ತರ ಹುಡುಗನಿಗೆ ಯಾವ ರಕ್ಷಣೆಯಿದೆಯೆಂದು ಕೇಳುವುದು ಅಪರಾಧವೇ? ತರಬೇತುಗಾರರು ಕರೆ ಬಂದೊಡನೆ ಬೇರೆ ಕಾಲೇಜಿಗೆ ಹೋದರೆ ಅದು ಬಡ್ತಿ. ಹುಡುಗನು ಹೋದರೆ ಅದು ದ್ರೋಹ! ಈ ಇಬ್ಬಗೆಯ ನ್ಯಾಯವು ವಿದ್ಯಾಸಂಸ್ಥೆಗಳಿಗೆ ಶೋಭಿಸುವುದಿಲ್ಲ.

ಆದುದರಿಂದ ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇವೆ. ಒಂದು ಭರ್ತಿಗೆ ದರ್ಜೆಯನ್ನು ಕಟ್ಟಲೇಬೇಕಾದರೆ ಅದನ್ನು ನಾಲ್ಕು ವರ್ಷಗಳ ಮೇಲೆ ಕಟ್ಟಲಿ: ಬಂದವರಲ್ಲಿ ಎಷ್ಟು ಮಂದಿ ಉಳಿದರು, ಎಷ್ಟು ಮಂದಿ ಬೆಳೆದರು, ಎಷ್ಟು ಮಂದಿ ಪದವಿಯನ್ನು ಪಡೆದರು ಎಂಬುದನ್ನು ಪ್ರತಿಯೊಂದು ಕಾಲೇಜೂ ಪ್ರಕಟಿಸಲಿ. ರುಜು ಹಾಕಿಸಿಕೊಂಡ ಹುಡುಗನು ಆಡಲಿ ಬಿಡಲಿ, ಗಾಯಗೊಳ್ಳಲಿ ಗೆಲ್ಲಲಿ, ಪದವಿ ಮುಗಿಯುವವರೆಗೆ ಅವನ ವಿದ್ಯಾಭ್ಯಾಸದ ವೆಚ್ಚವನ್ನು ಹೊರುವೆವೆಂಬ ಭರವಸೆಯು ಒಪ್ಪಂದದಲ್ಲಿಯೇ ಇರಲಿ. ನಾಲ್ಕು ಪಂದ್ಯಗಳವರೆಗೆ ಆಡಿಯೂ ಒಂದು ಋತುವಿನ ಅವಕಾಶವನ್ನು ಕಳೆದುಕೊಳ್ಳದಿರುವ ನಿಯಮವು 2018ರಲ್ಲಿ ಬಂದಿತು. ಪ್ರಥಮ ವರ್ಷವನ್ನು ಕಲಿಕೆಯ ವರ್ಷವಾಗಿ ನಡೆಸಲು ಅಂತಹ ನಿಯಮಗಳನ್ನು ಧಾರಾಳವಾಗಿ ಬಳಸಲಿ. ಹಣ ಕೊಡುವವರ ಅವಸರವು ಶಿಕ್ಷಕರ ವಿವೇಕವನ್ನು ಆಳದಿರಲಿ.

ದೂರದ ದೇಶದ ಆಟದ ಚಿಂತೆಯು ನಮಗೇಕೆ ಎಂದು ಕೇಳುವವರಿರಬಹುದು. ನಮ್ಮ ನಾಡಿನ ಎಷ್ಟೋ ಮನೆಗಳ ಮಕ್ಕಳು ಇಂದು ಅಮೆರಿಕದ ವಿಶ್ವವಿದ್ಯಾನಿಲಯಗಳಲ್ಲಿ ಓದುತ್ತಿದ್ದಾರೆ. ಶನಿವಾರದ ಪಂದ್ಯಗಳ ಆರ್ಭಟವನ್ನು ಅವರ ಬಾಯಿಂದಲೇ ತಂದೆತಾಯಿಗಳು ಕೇಳುತ್ತಿದ್ದಾರೆ. ಆ ಅಂಗಳದ ನಡುವೆ ನಿಂತಿರುವವನೂ ಒಂದು ಮನೆಯ ಮಗನೇ. ಒಂದು ಲಕ್ಷ ಜನರು ಅವನ ಹೆಸರನ್ನು ಕೂಗುವಾಗ ಅವನಿಗೆ ಸಂರಕ್ಷಕರ ಅಗತ್ಯವಿರುವುದಿಲ್ಲ. ಅವರು ಕೂಗುವುದನ್ನು ನಿಲ್ಲಿಸಿದ ದಿನ ಅವನ ಕಾಲೇಜು ಅವನ ಬಳಿ ನಿಂತಿದೆಯೇ ಎಂಬುದರಿಂದಲೇ ಆ ಕಾಲೇಜಿನ ಯೋಗ್ಯತೆಯನ್ನು ಅಳೆಯಬೇಕು. ನಕ್ಷತ್ರಗಳನ್ನು ಎಣಿಸುವವರು ಈ ಒಂದು ಲೆಕ್ಕವನ್ನೂ ಇಟ್ಟರೆ ಆಟಕ್ಕೂ ವಿದ್ಯೆಗೂ ಶ್ರೇಯಸ್ಸು.