ಮನೋವ್ಯಾಧಿಯೂ ಸಂಪಾದನೆಯೂ

ವಿಷಮಶೀತಜ್ವರದಿಂದ ಎದ್ದ ಉಪಾಧ್ಯಾಯಿನಿಯು ಮೂರು ತಿಂಗಳ ತರುವಾಯ ತರಗತಿಗೆ ಬಂದರೆ ಎಲ್ಲರೂ ಕುಶಲವನ್ನು ವಿಚಾರಿಸುವರು. ಅಷ್ಟೇ ಕಾಲ ಮನೋವ್ಯಾಧಿಯಿಂದ ನರಳಿದವಳು ಬಂದರೆ ಯಾರೂ ಏನನ್ನೂ ಕೇಳರು. ಅವಳ ಸ್ಥಾನದಲ್ಲಿ ಬೇರೊಬ್ಬಳು ಕುಳಿತಿರುವಳು. ವ್ಯಾಧಿಯು ಇಳಿದ ಮೇಲೂ ಈ ನಷ್ಟವು ಆಯುಷ್ಯವಿಡೀ ಬೆನ್ನು ಬಿಡದೆಂಬುದನ್ನು ಪೋಷಕರು ಗಮನಿಸಬೇಕೆಂದು ನಮ್ಮ ಅಭಿಪ್ರಾಯ.

ಸ್ಕಿಜೋಫ್ರೀನಿಯವೆಂಬ ಕಠಿಣ ವ್ಯಾಧಿಯು ಬಹುಮಟ್ಟಿಗೆ ತಾರುಣ್ಯದಲ್ಲಿಯೇ ತಲೆದೋರುತ್ತದೆ. ಓದು ಮುಗಿಸಿ ಉದ್ಯೋಗವನ್ನು ಹಿಡಿಯುವ ಕಾಲವೂ ಅದೇ. ಪರೀಕ್ಷೆ ನಿಂತಿತು, ಮೊದಲ ಕೆಲಸ ತಪ್ಪಿತು. ಅದರೊಡನೆ ವರುಷ ವರುಷದ ಸಂಬಳದ ಏರಿಕೆಯೂ ಭವಿಷ್ಯನಿಧಿಯೂ ಮುಪ್ಪಿನ ಆಸರೆಯೂ ತಪ್ಪಿದವು. ಭ್ರಮೆಗಳು ಔಷಧದಿಂದ ಅಡಗಿದ ಮೇಲೂ ಗಮನ, ಜ್ಞಾಪಕ, ಉತ್ಸಾಹಗಳು ಮರಳಲು ತಡವಾಗುವುದುಂಟು. ಕೆಲವು ಔಷಧಗಳಿಂದ ಬೆಳಗಿನ ಹೊತ್ತು ತೂಕಡಿಕೆಯೂ ಬರುವುದು. ಇದನ್ನರಿಯದ ಮೇಲಧಿಕಾರಿಯು ಸೋಮಾರಿತನವೆಂದು ಬರೆದಿಡುವನು. ಆರೈಕೆಗಾಗಿ ತಾಯಿಯೋ ಅಕ್ಕನೋ ಕೆಲಸ ಬಿಟ್ಟರೆ ಆ ಮನೆಗೆ ಎರಡು ಸಂಬಳಗಳ ನಷ್ಟ. ಮದುವೆ ಮಾಡಿದರೆ ಗುಣವಾಗುವುದೆಂಬ ಮಾತೊಂದುಂಟು. ಓದಿದವರ ಮನೆಗಳಲ್ಲಿಯೂ ಅದನ್ನು ಕೇಳಿ ನಾವು ಬೇಸತ್ತಿದ್ದೇವೆ.

ಪೂರ್ಣ ಗುಣವಾಗುವವರೆಗೆ ಮನೆಯಲ್ಲಿಯೇ ಇರಲಿ ಎನ್ನುವುದು ಮಮತೆಯ ಮಾತೇ ಸರಿ. ಆದರೆ ಅಮೆರಿಕಾದ ನ್ಯೂ ಹ್ಯಾಂಪ್‌ಷೈರಿನಲ್ಲಿ 1990ರ ದಶಕದಲ್ಲಿ ಬೇರೊಂದು ಪದ್ಧತಿಯನ್ನು ಪರೀಕ್ಷಿಸಿದರು: ರೋಗಿಯನ್ನು ಬೇಗನೆ ಸಾಮಾನ್ಯ ಉದ್ಯೋಗಕ್ಕೇ ಸೇರಿಸಿ, ಅಲ್ಲಿಯೇ ಬೆಂಬಲವನ್ನು ಒದಗಿಸುವುದು. ಮೊದಲು ತರಬೇತಿಯಲ್ಲಿ ಇರಿಸಿದವರಿಗಿಂತ ಇವರಲ್ಲಿಯೇ ಹೆಚ್ಚು ಜನರು ಕೆಲಸ ಹಿಡಿದರು.

ನಮ್ಮ ದೇಶದ 2016ನೆಯ ಇಸವಿಯ ಅಂಗವಿಕಲರ ಹಕ್ಕುಗಳ ಕಾಯಿದೆಯು ಮನೋವ್ಯಾಧಿಯನ್ನೂ ಒಳಗೊಂಡಿದೆ. ಸರಕಾರಿ ನೌಕರರು ಸೇವೆಯಲ್ಲಿರುವಾಗ ಇಂಥ ನ್ಯೂನತೆಗೆ ಒಳಗಾದರೆ ಅವರನ್ನು ಕೆಲಸದಿಂದ ತೆಗೆಯಬಾರದು, ದರ್ಜೆಯನ್ನು ಇಳಿಸಬಾರದು. ಆ ಕೆಲಸವು ಸಾಗದಿದ್ದರೆ ಅದೇ ಸಂಬಳದ ಬೇರೆ ಕೆಲಸವನ್ನು ಕೊಡಬೇಕು. ಆದರೆ ಬಚ್ಚಿಟ್ಟ ವ್ಯಾಧಿಗೆ ಕಾಯಿದೆಯ ಆಸರೆಯು ದೊರೆಯದು. ಬಚ್ಚಿಟ್ಟರೆಂದು ಮನೆಯವರನ್ನು ದೂಷಿಸಲೂ ನಮಗೆ ಮನಸ್ಸು ಬಾರದು. ಬಾಯಿಬಿಟ್ಟು ಹೇಳಿದವರಿಗೆ ಕೆಲಸ ಕೊಡುವವರೆಷ್ಟು ಮಂದಿ?

ಈ ಪ್ರಶ್ನೆಗೆ ಉತ್ತರ ಕೊಡಬಲ್ಲವರು ನಮ್ಮ ಓದುಗರಲ್ಲಿಯೇ ಇದ್ದಾರೆ. ಈ ಶಾಲೆಯಿಂದ ಹೊರಟ ಎಷ್ಟೋ ಸಹೋದರಿಯರು ಮುಖ್ಯೋಪಾಧ್ಯಾಯಿನಿಯರೂ ಕಛೇರಿಗಳ ಮೇಲ್ವಿಚಾರಕಿಯರೂ ಆಗಿದ್ದಾರೆ. ಅಂಥವಳೊಬ್ಬಳು ಕೆಲಸಕ್ಕೆ ಮರಳಿದಾಗ ಮೊದಲ ಎರಡು ತಿಂಗಳು ಬೆಳಗಿನ ಪಾಠಗಳನ್ನು ಬೇರೊಬ್ಬರಿಗೆ ವಹಿಸಿ, ಮಧ್ಯಾಹ್ನದ ಪಾಠಗಳನ್ನು ಅವಳಿಗೆ ಕೊಡಬಹುದು. ಇದಕ್ಕೆ ಮೇಲಿನವರ ಅಪ್ಪಣೆಯೂ ಬೇಕಾಗಲಾರದು. ವೇಳಾಪಟ್ಟಿಯಲ್ಲಿ ಒಂದು ಸಾಲನ್ನು ತಿದ್ದಿದರಾಯಿತು.